ಮೂರನೇ ಬೆಂಚಿನ ಬಲಗೈ

ಗಣಿತದ ಮೇಡಂ ತರಗತಿಗೆ ಪಾಠ ನೋಡಲು ಯಾರೇ ಬರಲಿ, ಪ್ರಶ್ನೆ ಬಿದ್ದೊಡನೆ ಅಷ್ಟೂ ಮಕ್ಕಳ ಕೈ ಮೇಲೇಳುತ್ತಿದ್ದವು. ಬಂದವರು ಮೂಗಿನ ಮೇಲೆ ಬೆರಳಿಡುತ್ತಿದ್ದರು. ಗುಟ್ಟು ಮೇಡಂಗೂ ಮಕ್ಕಳಿಗೂ ಮಾತ್ರ ಗೊತ್ತು: ಉತ್ತರ ಬಂದರೆ ಬಲಗೈ, ಬಾರದಿದ್ದರೆ ಎಡಗೈ.

ಈ ಸಲ ನೋಡಲು ಬಂದದ್ದು ಮನುಷ್ಯರಲ್ಲ. ಶಿಕ್ಷಕರ ಅರ್ಹತಾಪತ್ರ ಇನ್ನೈದು ವರ್ಷ ಮುಂದುವರಿಯಬೇಕಾದರೆ ಪಾಠದ ವಿಡಿಯೋವನ್ನು ಆ್ಯಪ್‌ಗೆ ಹಾಕಬೇಕು. ಅದು ಕೊಡುವ ವರದಿ ಓದಿ, ತನ್ನ ಪಾಠದ ಬಗ್ಗೆ ತಾನೇ ನಾಲ್ಕು ಮಾತು ಬರೆದು ಸಂಜೆ ಐದರೊಳಗೆ ಕಳಿಸಬೇಕು. ಪತ್ರ ಸಿಗದಿದ್ದರೆ ಇಪ್ಪತ್ತೆರಡು ವರ್ಷ ಕಲಿಸಿದ ಹತ್ತನೇ ತರಗತಿ ಕೈತಪ್ಪುತ್ತದೆ.

ಸ್ಟಾಫ್ ರೂಮಿನಲ್ಲಿ ಕಂಪ್ಯೂಟರ್ ಟೀಚರ್ ವರದಿ ತೆರೆದಳು.

"ಅಕ್ಕಾ, ಈ ಮೂರನೇ ಬೆಂಚಿನ ಹುಡುಗಿ ಹತ್ತು ಸಲ ಕೈ ಎತ್ತಿದ್ದಾಳಂತೆ. ನೀವು ಒಂದ್ಸಲಾನೂ ಕೇಳಿಲ್ವಂತೆ!"

"ಗುಬ್ಬಿನಾ? ಅಯ್ಯೋ, ಅವಳದು ಎಡಗೈ ಕಣೇ. ಕೇಳಿ ಏನ್ ಮಾಡ್ಲಿ?"

"ಎಡಗೈ ಅಂದ್ರೆ?"

ಬಾಯಿ ಜಾರಿತ್ತು. ಮೇಡಂ ನಗುತ್ತಲೇ ಗುಟ್ಟು ಬಿಚ್ಚಿದರು. ಕಿರಿಯವಳು ನಗಲಿಲ್ಲ, ಪರದೆಯತ್ತ ಬಗ್ಗಿದಳು.

"ಬಲಗೈ ಅಲ್ವಾ ಅಕ್ಕಾ ಇದು?"

ಮೇಡಂ ಮೌಸ್ ಕಸಿದುಕೊಂಡರು. ವಿಡಿಯೋವನ್ನು ಹಿಂದಕ್ಕೆ ಓಡಿಸಿ ನೋಡಿದರು. ಬಲಗೈಯೇ. ಎರಡನೇ ಪ್ರಶ್ನೆಗೂ ಬಲಗೈ, ಐದನೆಯದಕ್ಕೂ. ಏಳನೆಯದಕ್ಕೆ ಸೋತ ಆ ಮೊಣಕೈಯನ್ನು ಗುಬ್ಬಿ ಇನ್ನೊಂದು ಕೈಯಿಂದ ಎತ್ತಿ ಹಿಡಿದಿದ್ದಳು. ಮೇಡಂ ಕಣ್ಣು ಪ್ರತಿ ಸಲವೂ ಅವಳನ್ನು ಸವರಿಕೊಂಡು ಮುಂದೆ ಹೋಗುತ್ತಿತ್ತು, ಖಾಲಿ ಕುರ್ಚಿಯನ್ನು ದಾಟುವ ಹಾಗೆ. ಇದು ನನ್ನ ಕಣ್ಣೇ?

ಹತ್ತನೆಯದು ಸುಲಭದ ಪ್ರಶ್ನೆ. ಗುಬ್ಬಿ ಬಲಗೈಯನ್ನು ಅರ್ಧ ಎತ್ತಿ ಇಳಿಸಿದಳು. ಆಮೇಲೆ ಎಡಗೈ ಎತ್ತಿದಳು.

ಮೇಡಂ ವಿಡಿಯೋ ನಿಲ್ಲಿಸಿದರು. ಇವಳಿಗೆ ಉತ್ತರ ಬರತೊಡಗಿ ಎಷ್ಟು ದಿನವಾಯಿತು? ಇವಳಂಥವರು ಇನ್ನೆಷ್ಟು ಮಂದಿ ಬಂದು ಹೋದರು?

"ಬಿಡಿ ಅಕ್ಕಾ, ಅಷ್ಟ್ಯಾಕೆ ಬೆವರ್ತೀರಾ? 'ಹುಡುಗಿಗೆ ಸಂಕೋಚ ಜಾಸ್ತಿ' ಅಂತ ಬರೀರಿ. ಆ್ಯಪ್‌ಗೇನು ಎಡ ಯಾವುದು ಬಲ ಯಾವುದು ಗೊತ್ತಾ?"

"ಅದಕ್ಕೆ ಗೊತ್ತಿಲ್ಲ."

ಮೇಡಂ ಕೀಲಿಮಣೆಯನ್ನು ತಮ್ಮತ್ತ ಎಳೆದುಕೊಂಡರು. ಮೊದಲ ವಾಕ್ಯವನ್ನೇ ಮೂರು ಸಲ ಅಳಿಸಿ ಬರೆಯಬೇಕಾಯಿತು: 'ಉತ್ತರ ಬಾರದ ಮಕ್ಕಳಿಗೆ ಎಡಗೈ ಎತ್ತಲು ಹೇಳಿಕೊಟ್ಟವಳು ನಾನೇ.'

"ಅಕ್ಕಾ! ತಲೆಗಿಲೆ ಕೆಟ್ಟಿದ್ಯಾ? ಇದನ್ನ ಕಳಿಸಿದ್ರೆ ಪತ್ರ ಬಂದ ಹಾಗೇ!"

ಐದಕ್ಕೆ ಇನ್ನೂ ಹನ್ನೆರಡು ನಿಮಿಷವಿತ್ತು. ಮೇಡಂ ಎರಡನೇ ವಾಕ್ಯ ಶುರು ಮಾಡಿದರು.