ಮೂರನೇ ಒದೆ

"ಕಿರುಚ್ಕೋ ಸಾಬಣ್ಣ. ನೀನು ಬಾಯಿ ಬಿಗಿ ಇಡ್ಕೊಂಡ್ರೆ ನರಾನೂ ಬಿಗಿ ಇಡ್ಕೊಂತೈತೆ. ಇಲ್ಲಿ ನಿನ್ನ ಮರ್ಯಾದೆ ಅಳೆಯೋರು ಯಾರವ್ರೆ, ನನ್ನ ಕೋಳಿ ಬಿಟ್ರೆ?"

ಗೋಣಿಚೀಲದ ಮೇಲೆ ಬೋರಲು ಬಿದ್ದಿದ್ದ ಜಟಕಾ ಬುಡನ್ ಸಾಬ್ "ಯಾ ಅಲ್ಲಾ" ಅಂದ. ದೊಡ್ಡಮುನಿಯಮ್ಮನ ಹೆಬ್ಬೆರಳು ಬಿಸಿ ಹರಳೆಣ್ಣೆಯಲ್ಲಿ ಜಾರುತ್ತಾ ಹೋಗಿ ಅವನ ಸೊಂಟದ ಬಲಗಡೆ ಒಂದು ಗಂಟಿನ ಮೇಲೆ ನಿಂತಿತು.

"ಏನ್ ಮಾಡೋವಾಗ ಇಡ್ಕೊಂಡ್ತು?"

"ಗಾಡಿ ಎತ್ತೋವಾಗ ಮುನಿಯಕ್ಕ."

"ಗಾಡಿ ಎತ್ತಿದ್ರೆ ಇಲ್ಲಿ ಇಡಿಯಾಕಿಲ್ಲ. ಸುಳ್ಳು ಬೊಗಳೋದಾದ್ರೆ ಎದ್ದು ಓಗು."

ಬುಡನ್ ಸಾಬ್ ಮೂತಿಯನ್ನು ಗೋಣಿಯಲ್ಲಿ ಹುದುಗಿಸಿ, ಭಾಮೈದನ ಮದುವೆಯಲ್ಲಿ ಬ್ಯಾಂಡಿನವರ ಮುಂದೆ ಕುಣಿದದ್ದನ್ನು ಒಪ್ಪಿಕೊಂಡ. ಅರುವತ್ತು ದಾಟಿದವನು. ಮುನಿಯಮ್ಮ ನಕ್ಕು ನಕ್ಕು ಎಣ್ಣೆ ಬಟ್ಟಲು ಚೆಲ್ಲುವುದೊಂದು ಬಾಕಿ.

ಅವಳು ಕಾಲು ಮುಂದಾಗಿ ಹುಟ್ಟಿದವಳು. ಹೆತ್ತವಳ ಪ್ರಾಣ ತೆಗೆದ ಆ ಕಾಲಿಗೆ ಕ್ಯಾಲನೂರಿನ ಸುತ್ತೂ ಹೆಸರಿತ್ತು. ಹಿಡಿದುಕೊಂಡ ಸೊಂಟಕ್ಕೆ ಆ ಹಿಮ್ಮಡಿಯಿಂದ ಮೂರು ಒದೆ ಬಿದ್ದರೆ ಡೊಂಕಾಗಿ ಬಂದವನು ನೆಟ್ಟಗೆ ಹೋಗುತ್ತಿದ್ದ. ಹಾಗಂತ ಬಂದವರಿಗೆಲ್ಲ ಒದ್ದು ಕಳಿಸುವ ಹೆಂಗಸಲ್ಲ ಅವಳು. ಬರಿಹೊಟ್ಟೆಯಲ್ಲಿ ಬರಬೇಕು, ಅಂಗಿ ಬಿಚ್ಚಬೇಕು, ಹೇಗೆ ಹಿಡಿಯಿತೆಂದು ನಿಜ ಹೇಳಬೇಕು, ನೋವಾದರೆ ಕಿರುಚಬೇಕು. ಅವಳು ಮೊದಲು ಎಣ್ಣೆ ಹಾಕಿ ನೀವಿ ಗಂಟು ಹುಡುಕುತ್ತಿದ್ದಳು. ಕಾಲು ಎತ್ತುತ್ತಿದ್ದದ್ದು ಆಮೇಲೆ.

ಮೂರನೆಯ ಒದೆ ಬಿದ್ದಾಗ ಬುಡನ್ ಸಾಬ್ "ಚಮಡಾ ಕಿತ್ತು ಬಂತಲ್ಲಕ್ಕಾ" ಅಂತ ಕಿರುಚಿದ.

"ಇಮ್ಮಡಿ ಒಡೆದೈತೆ ಕಣಣ್ಣ. ನನ್ನ ಚಪ್ಪಲಿ ಪಟೇಲನ ಕೊಟ್ಟಿಗೆ ಮೇಲೆ ತಪಸ್ಸಿಗೆ ಕುಂತವಲ್ಲ, ಏನ್ ಮಾಡ್ಲಿ?"

ಆ ಚಪ್ಪಲಿ ಅವಳು ಶೋಕಿಗೆ ತಂದದ್ದಲ್ಲ. ಒಡೆದ ಹಿಮ್ಮಡಿ ಜನರ ಬೆನ್ನು ಗೀರುತ್ತದೆ ಅಂತ ಕೋಲಾರದಿಂದ ನೀಲಿ ಪಟ್ಟಿಯ ಹವಾಯಿ ಚಪ್ಪಲಿ ತಂದಿದ್ದಳು. ಹೋದ ಮಂಗಳವಾರ ಅವನ್ನು ಮೆಟ್ಟಿಕೊಂಡು ಪಟೇಲ ವೆಂಕಟರಾಯಪ್ಪನ ಬಾಗಿಲ ಮುಂದೆ ಹಾದಳು. ಸರ್ಕಾರ ಅವನ ಪಟೇಲಗಿರಿ ಕಿತ್ತುಕೊಂಡು ಎಷ್ಟೋ ವರ್ಷವಾಗಿತ್ತು. ನಾಲಿಗೆ ಮಾತ್ರ ಅವನ ಹತ್ತಿರವೇ ಉಳಿದಿತ್ತು.

"ಏಮೇ ಲೌಡಿ, ನನ್ನ ಬಾಗಿಲ ಮುಂದೆ ಕೆರ ಮೆಟ್ಕೊಂಡು ಮೆರವಣಿಗೆ ಓಗ್ತೀಯಾ? ತಲೆ ಮೇಲೆ ಮಡೀಕೊಳ್ಳೇ."

ತಲೆಯ ಮೇಲೆ ಇಟ್ಟುಕೊಂಡು ಬೀದಿಯ ಕೊನೆತನಕ ಹೋಗಿ ತಿರುಗಿ ಬರಬೇಕಾಯಿತು. ಆಮೇಲೆ ಪಟೇಲ ಅವನ್ನು ಒಂದೊಂದಾಗಿ ಕೋಲಿನ ತುದಿಗೆ ಸಿಕ್ಕಿಸಿ, ಸೊಂಟ ತಿರುಚಿ, ಕೊಟ್ಟಿಗೆಯ ತಗಡಿನ ಮೇಲಕ್ಕೆ ಬೀಸಿ ಒಗೆದ. ಎರಡನೆಯದನ್ನು ಒಗೆದವನು ಕಂಬ ಹಿಡಿದುಕೊಂಡು ಹಾಗೇ ನಿಂತುಬಿಟ್ಟ. ಮುನಿಯಮ್ಮ ತಲೆ ತಗ್ಗಿಸಿದ್ದರೂ ಕಸುಬಿನ ಕಣ್ಣು ತಗ್ಗಿರಲಿಲ್ಲ.

ಆದ್ದರಿಂದ ಬುಡನ್ ಸಾಬ್ ಎದ್ದು ಹೋದ ಸಂಜೆ ಪಟೇಲನ ಮಗ ಕದಿರೇಶ ಕೇರಿಯ ಬೇಲಿಯಾಚೆ ನಿಂತು ಕೂಗಿದಾಗ ಅವಳಿಗೆ ಆಶ್ಚರ್ಯವೇನೂ ಆಗಲಿಲ್ಲ.

"ಏಯ್ ಮುನಿಯಮ್ಮ, ಅಪ್ಪಂಗೆ ಸೊಂಟ ಇಡ್ಕೊಂಡೈತೆ. ಕೋಲಾರದಾಗೆ ನಾಲ್ಕು ಸೂಜಿ ಚುಚ್ಚಿದ್ರೂ ಬಿಟ್ಟಿಲ್ಲ. ನಾಳೆ ಕತ್ತಲಿದ್ದಂಗೇ ಇತ್ತಲ ಬಾಗಿಲ ಕಡೆಯಿಂದ ಬಾ."

"ಕತ್ತಲಾಗೆ ನರ ಕಾಣಾಕಿಲ್ಲಪ್ಪೋ. ಬಿಸಿಲು ಬಿದ್ಮೇಲೆ ಬರ್ತೀನಿ."

ಬಿಸಿಲು ಬೀಳುವ ಹೊತ್ತೆಂದರೆ ಊರೆಲ್ಲ ಹಾಲಿನ ಕ್ಯಾನು ಹಿಡಿದು ಡೈರಿಗೆ ಹೋಗುವ ಹೊತ್ತು. ಮುನಿಯಮ್ಮ ಎಣ್ಣೆ ಬಟ್ಟಲು ಹಿಡಿದು ಬೀದಿಯ ನಡುವೆ ನಿಂತಳು. ಪಟೇಲ ಜಗಲಿಯ ಮೇಲೆ ಕುಡುಗೋಲಿನ ಹಾಗೆ ಬಾಗಿ ಕೂತಿದ್ದ.

"ಎಲ್ಲಿ ಮಲಗಿಸ್ಬೇಕೇ?" ಅಂದಳು ಪಟೇಲನ ಹೆಂಡತಿ ಶ್ಯಾಮಲಮ್ಮ.

"ನಾನು ಒಳಕ್ಕೆ ಬರಂಗಿಲ್ಲ, ಜಗಲಿ ಅತ್ತಂಗಿಲ್ಲ. ನೀವೇ ಮಾಡಿರೋ ಕಾನೂನು ಅಮ್ಮಯ್ಯ. ಪಟೇಲಪ್ಪೋರೇ ಕೆಳೀಕ್ ಇಳೀಲಿ."

ಇಬ್ಬರು ಆಳುಗಳು ಹಿಡಿದು ಇಳಿಸಿದರು. ಬೀದಿಯಲ್ಲಿ ಚಾಪೆ ಬಿತ್ತು, ಚಾಪೆಯ ಮೇಲೆ ಪಟೇಲ ಬೋರಲು ಬಿದ್ದ. ಹಾಲಿನ ಕ್ಯಾನುಗಳು ಒಂದೊಂದೇ ನಿಂತವು. ಜಟಕಾ ನಿಲ್ಲಿಸಿ ಬುಡನ್ ಸಾಬನೂ ಇಳಿದ. ಶ್ಯಾಮಲಮ್ಮ ದೂರದಿಂದಲೇ ಮುನಿಯಮ್ಮನ ಪಾದಕ್ಕೆ ಗಂಜಲ ಚಿಮುಕಿಸಿದಳು. ಒಡಕಿನೊಳಗೆ ಅದು ಚುರ್ ಅಂದಿತು. ಆಮೇಲೆ ಗಂಡನ ಬೆನ್ನಿನ ಮೇಲೆ ಒಂದು ಕಂಬಳಿ ಹೊದಿಸಿದಳು.

"ಕಂಬಳಿಗೆ ಸೊಂಟ ಇಡ್ಕೊಂಡಿದ್ರೆ ಅಂಗನ್ನಿ, ಕಂಬಳಿಗೇ ಒದ್ದು ಓಗ್ತೀನಿ."

ಯಾರೋ ಕಿಸಕ್ಕೆಂದರು. ಪಟೇಲ ನೆಲದಿಂದಲೇ "ತೆಗೀಯೇ ಅದನ್ನ" ಅಂತ ಗುರುಗುಟ್ಟಿದ.

ಎಣ್ಣೆ ಬಿತ್ತು. ಹೆಬ್ಬೆರಳು ಗಂಟು ಹುಡುಕಿತು.

"ಏನ್ ಮಾಡೋವಾಗ ಇಡ್ಕೊಂಡ್ತು ಸೋಮಿ?"

"ಎತ್ತು ಎಳೀತು."

"ಎತ್ತು ಎಳೆದ್ರೆ ಭುಜ ಇಡೀತೈತೆ. ನಿಜ ಏಳ್ಬೇಕು. ಇಲ್ಲಾಂದ್ರೆ ಕಾಲು ತಪ್ಪಿ ಬೀಳ್ತೈತೆ, ಆಮೇಲೆ ನನ್ನ ಬೈಬ್ಯಾಡಿ."

"ರಾಗಿ ಮೂಟೆ..."

ಹೆಬ್ಬೆರಳು ಇನ್ನೊಂದಿಷ್ಟು ಒಳಕ್ಕೆ ಇಳಿಯಿತು. ಪಟೇಲನ ಕಣ್ಣಲ್ಲಿ ನೀರು ಬಂತು.

"ಚಪ್ಪಲಿ ಒಗೆಯೋವಾಗ."

"ಕೇಳಿಸ್ಲಿಲ್ಲ ಸೋಮಿ."

"ನಿನ್ನ ಚಪ್ಪಲಿ ಒಗೆಯೋವಾಗ ಕಣೇ, ನಿನ್ನವ್ವನ್!"

"ಅಂಗನ್ನಿ. ಸರಿಯಾದ ಜಾಗಾನೇ ಸಿಕ್ಕೈತೆ."

ಸೆರಗು ಸೊಂಟಕ್ಕೆ ಸಿಕ್ಕಿಸಿ ಬಲಗಾಲು ಎತ್ತಿದಳು. ಮೊದಲನೆಯದು ಧೊಪ್ಪನೆ ಬಿತ್ತು. ಪಟೇಲ ಹಲ್ಲು ಕಚ್ಚಿದ.

"ಕಿರುಚ್ಬೇಕು ಸೋಮಿ. ಕಿರುಚ್ದೇ ಇದ್ರೆ ಲೆಕ್ಕಕ್ಕೆ ಬರಾಕಿಲ್ಲ."

ಎರಡನೆಯದಕ್ಕೆ ಅವನು ಕೋಣದ ಹಾಗೆ ಅರಚಿದ. ಡೈರಿಯ ಹತ್ತಿರ ನಾಯಿ ಬೊಗಳಿತು. ಅರಚಿದ ಮೇಲೆ ಪಟೇಲನ ಕಾಲಿಗೆ ಜೀವ ಬಂತು. ಮೊಣಕೈ ಊರಿ, ಮಂಡಿ ಊರಿ ಮಗುವಿನ ಹಾಗೆ ಅಂಬೆಗಾಲಿನಲ್ಲಿ ಎದ್ದ. ಅಲ್ಲಿಂದ ಮೇಲಕ್ಕೆ ಸೊಂಟ ಬರಲಿಲ್ಲ.

"ಇನ್ನೊಂದು ಒದೀಯೇ ಬೇಗ."

ಮುನಿಯಮ್ಮ ಹಿಮ್ಮಡಿ ತಿರುವಿ ನೋಡಿಕೊಂಡಳು. ಒಡಕಿನಲ್ಲಿ ರಕ್ತ ಜಿನುಗುತ್ತಿತ್ತು.

"ಮೂರನೇದು ಮೆತ್ತನೆ ಇಮ್ಮಡೀಲಿ ಬೀಳ್ಬೇಕು. ಇದ್ರಾಗೆ ಬಿದ್ರೆ ನರ ಅರಿದು ನೀವು ಮೇಲಕ್ಕೇ ಏಳಾಕಿಲ್ಲ. ಬರಿಗಾಲಾಗೆ ಓಡಾಡಿ ಇಂಗಾಗೈತೆ."

"ಹೌದು ಪಟೇಲ್ ಸಾಬ್," ಅಂದ ಬುಡನ್ ಸಾಬ್, ಅಂಗಿ ಎತ್ತಿ ಬೆನ್ನಿನ ಗೀರು ಊರಿಗೆಲ್ಲ ತೋರಿಸುತ್ತಾ. "ನನ್ನ ಗತಿ ನೋಡಿ. ನಿನ್ನೆಯಿಂದ ಕುದುರೆ ಕೂಡ ಅಳ್ತಾ ಇದೆ."

ಎಲ್ಲರೂ ನಗದಂತೆ ಇರಲು ಬಹಳ ಪ್ರಯತ್ನಪಟ್ಟರು. ಪಟೇಲ ಚಾಪೆಯನ್ನೇ ನೋಡುತ್ತಾ ಮಗನನ್ನು ಕೂಗಿದ.

"ಲೇ ಕದಿರೇಶ. ಏಣಿ ಆಕ್ಲಾ."

ತಗಡಿನ ಮೇಲಿಂದ ಚಪ್ಪಲಿ ಒಂದೊಂದಾಗಿ ಬಿದ್ದವು. ಕಾಗೆ ಹೇತು ಬೆಳ್ಳಗಾಗಿದ್ದವು. ಮುನಿಯಮ್ಮ ಅವನ್ನು ಪಟೇಲನ ಮೂಗಿನ ಮುಂದೆ ಜೋಡಿಸಿ, ಸೆರಗಿನ ತುದಿಯಿಂದ ಒರೆಸಿದಳು. ಬಲಗಾಲು ಹಾಕಿದಳು. ಎಡಗಾಲು ಹಾಕಿದಳು.

"ಎಂಟು ದಿನ ಇವನ್ನ ಮೆಟ್ಕೊಂಡು ಇದೇ ಬೀದೀಲಿ ಓಡಾಡ್ತೀನಿ. ಇಮ್ಮಡಿ ಮೆತ್ತಗಾದ್ರೆ ನಾನೇ ಏಳಿ ಕಳಿಸ್ತೀನಿ."

ಏಣಿಯಿಂದ ಇಳಿದ ಕದಿರೇಶ ಜಗಲಿಯ ಕೋಲು ಎತ್ತಿಕೊಂಡು ಅಪ್ಪನ ಮುಖ ನೋಡಿದ. ಅಪ್ಪನ ಮುಖ ನೆಲದ ಕಡೆಗಿತ್ತು.

ಪಟ್ ಪಟ್ ಸದ್ದು ದೂರವಾಯಿತು. ಬೀದಿಯ ಕೊನೆಯಲ್ಲಿ, ಮಂಗಳವಾರ ಅವಳು ಚಪ್ಪಲಿ ಹೊತ್ತು ತಿರುಗಿದ ಜಾಗದಲ್ಲಿ, ನಿಂತಿತು. ಅಂಬೆಗಾಲಿನಲ್ಲಿದ್ದ ಪಟೇಲ ಉಸಿರು ಹಿಡಿದು ಕೇಳಿಸಿಕೊಂಡ.

ಸದ್ದು ತಿರುಗಿ ಬರುತ್ತಿತ್ತು.