ಯಮನಪ್ಪನ ಉಸಿರು ಅಳೆದ ದಿನ

ನಾನು ಒಂದು ಉಸಿರು ಅಳೆಯುವ ಯಂತ್ರ. ಡಾಕ್ಟರರಿಗೆ ನಾನು ಸ್ಪೈರೋಮೀಟರ್. ಬಂದವರಿಗೆಲ್ಲ ಊದೋ ಮಷೀನು. ಕಾರ್ಖಾನೆಯಲ್ಲಿ ನನ್ನೊಳಗೆ ಮೊದಲು ಹೊಕ್ಕದ್ದು ಪಂಪಿನ ಗಾಳಿ. ಅದನ್ನು ಸರಿಯಾಗಿ ಅಳೆದ ಮೇಲೆಯೇ ನನ್ನನ್ನು ಪೆಟ್ಟಿಗೆಗೆ ಹಾಕಿದರು. ದೊಡ್ಡ ಪಟ್ಟಣದಲ್ಲಿ ಕೆಲವು ಕಾಲ ದುಡಿದು, ಆಮೇಲೆ ಗದಗ ಸೀಮೆಯ ಸಣ್ಣ ದವಾಖಾನೆಯೊಂದಕ್ಕೆ ಬಂದೆ. ದೇವರು ಕೊಟ್ಟ ಉಸಿರನ್ನು ಜನ ಹೇಗೆ ಖರ್ಚು ಮಾಡುತ್ತಾರೆಂಬುದನ್ನು ಅಲ್ಲಿಯ ಮೇಜಿನ ಮೇಲೆ ಕೂತು ಕಂಡೆ.

ಒಂದು ಬೆಳಿಗ್ಗೆ ಶಹನಾಯಿ ನುಡಿಸುವ ಯಮನಪ್ಪ ಭಜಂತ್ರಿ ಹೆಂಡತಿ ದುರಗವ್ವನ ಜೊತೆ ಬಂದ. ಹರೆಯದಿಂದಲೂ ಬೀಡಿ ಸೇದಿದವ. ಈಚೆಗೆ ದಿಬ್ಬ ಹತ್ತಿದರೆ ಏದುಸಿರು. ಊರ ಗುಡಿಯಲ್ಲಿ ಬೆಳಗಿನ ಪೂಜೆ ಶುರುವಾಗುವುದೇ ಅವನ ಶಹನಾಯಿಯಿಂದ. ಉಸಿರು ಕೆಟ್ಟಿದೆ ಎಂದರೆ ಆ ಸೇವೆ ಬಿಡಬೇಕಾದೀತು. ಅದೇ ಅವನ ಅಂಜಿಕೆ.

ನರ್ಸ್ ಶಕೀಲಾ ಅವನ ಮೂಗಿಗೆ ಕ್ಲಿಪ್ಪು ಹಾಕಿ, "ಊದ್ರಿ ಕಾಕಾ" ಎಂದಳು. ಯಮನಪ್ಪ ಕಣ್ಣು ಮುಚ್ಚಿ, ಗಲ್ಲ ಉಬ್ಬಿಸಿ, ಕೂಡಿಟ್ಟ ಗಾಳಿಯನ್ನು ಎಳೆಎಳೆಯಾಗಿ ಬಿಟ್ಟ. ಬಂದಷ್ಟನ್ನೇ ನಾನು ಬರೆದೆ. ಗುಡ್ಡದಂತೆ ಏಳಬೇಕಿದ್ದ ಗೆರೆ ನೆಲಕ್ಕಂಟಿ ಮಲಗಿತು. ಶಕೀಲಾಳ ಮುಖ ಸಣ್ಣದಾಯಿತು.

"ಮುಗೀತೇನವಾ ನಂದು?" ಎಂದ ಯಮನಪ್ಪ.

ದುರಗವ್ವ ಸೆರಗು ಬಾಯಿಗೊತ್ತಿ ನಕ್ಕಳು. "ಏನ್ ಮುಗೀತದ? ಅಕಿ ಊದು ಅಂದ್ರ ನೀವು ಮದವಿ ಮನ್ಯಾಗಿನಂಗ ಸ್ವರಾ ಹಿಡದ ಕುಂತ್ರಿ! ಸಿಟ್ಟು ಬಂದಾಗ ನನ್ನ ಮ್ಯಾಲೆ ಒದರ್ತೀರಲ್ಲಾ, ಹಂಗ ಬಿಡ್ರಿ ಒಮ್ಮೆ."

"ಹೌದ್ರಿ ಕಾಕಾ, ಇಲ್ಲಿ ಉಸಿರು ಉಳಸಬ್ಯಾಡ್ರಿ. ಇದ್ದದ್ದೆಲ್ಲಾ ಒಮ್ಮೆಲೇ ಸುರುವಿಬಿಡ್ರಿ," ಎಂದಳು ಶಕೀಲಾ.

ಈ ಸಲ ಬಂದ ಗಾಳಿಗೆ ನಾನೇ ಬೆಚ್ಚಿದೆ. ಗೆರೆ ನೆಟ್ಟಗೆ ಎದ್ದಿತು. ಇಳಿಯುವಾಗ ಮಾತ್ರ ನೇರ ಬಾರದೆ ಜೋಲಿಯಂತೆ ಒಳಕ್ಕೆ ಬಾಗಿತು. ಮತ್ತೆ ಮತ್ತೆ ಊದಿಸಿದರೂ ಹಾಗೆಯೇ.

ಡಾಕ್ಟರ್ ವಸುಧಾ ಆ ಬಾಗನ್ನು ಬೆರಳಿಟ್ಟು ತೋರಿಸಿದರು. "ದೊಡ್ಡ ಉಸಿರುನಾಳ ಚಲೋ ಅದಾವ್ರಿ. ಒಳಗ ತುದಿಯಾಗಿನ ಸಣ್ಣ ನಾಳಕ್ಕ ಬೀಡಿ ಹೊಗಿ ತಾಗೇದ. ಈಗಿನ್ನೂ ಸುರು. ಇವತ್ತ ಬೀಡಿ ಬಿಟ್ರ ಇಲ್ಲೇ ತಡೀಬಹುದು."

"ಶಹನಾಯಿ ರೀ?"

"ನುಡಸ್ರಿ. ಬೀಡಿ ಅಷ್ಟ ಬ್ಯಾಡ."

ಯಮನಪ್ಪ ಉಸ್ಸೆಂದ. ಆ ಉಸಿರನ್ನು ಅಳೆಯಲು ಯಾರೂ ನನ್ನನ್ನು ಅವನ ಬಾಯಿಗೆ ಹಿಡಿದಿರಲಿಲ್ಲ. ಅಷ್ಟರಲ್ಲಿ ದುರಗವ್ವ ಅವನ ಕಿಸೆಯಿಂದ ಬೀಡಿಕಟ್ಟು ತೆಗೆದು ಕಸದ ಡಬ್ಬಿಗೆ ಹಾಕಿಯಾಗಿತ್ತು. ಮರುವರ್ಷ ಯಮನಪ್ಪ ಬಂದು ಊದಿದಾಗ ಗೆರೆ ಅಷ್ಟೇ ಬಾಗಿತ್ತು, ಹೆಚ್ಚಲ್ಲ. ಅದನ್ನು ಬರೆದು ನಾನೂ ಹಗುರಾದೆ.

ಈಗ ನನಗೆ ಮುಪ್ಪು, ಕಪಾಟಿನೊಳಗೆ ವಾಸ. ಮನುಷ್ಯ ಎಷ್ಟೇ ಊದಲಿ, ಎದೆಯೊಳಗೆ ಒಂದಿಷ್ಟು ಗಾಳಿ ಉಳಿದೇ ಉಳಿಯುತ್ತದೆ. ಅದನ್ನು ನಾನು ಎಂದೂ ಅಳೆಯಲಾರದೆ ಹೋದೆ. ಅದು ದೇವರ ಪಾಲು. ಆ ಪಾಲಿನ ಬಲದಿಂದ ಯಮನಪ್ಪ ಗುಡಿಯಲ್ಲಿ ಇಂದೂ ಬೆಳಗು ನುಡಿಸುತ್ತಿರುವನೆಂದು ನಂಬಿ, ಸುಮ್ಮನೆ ಕೂತಿದ್ದೇನೆ.