ತಮ್ಮನ ಸೊಂಟದ ತೂತುಕಾಸು

ದೇವರ ಡಬ್ಬಿಯಲ್ಲಿ ಕಪ್ಪಿಟ್ಟು ಬಿದ್ದಿದ್ದ ನಾಣ್ಯವನ್ನು ತಾಮ್ರವೇ ಇರಬೇಕೆಂದು ರೇಣುಕಾ ಹುಣಸೆಹಣ್ಣು ಹಚ್ಚಿ ತಿಕ್ಕಿದಳು. ಕಮಲದ ಚಿತ್ರದ ಇಪ್ಪತ್ತು ಪೈಸೆ ಹಳದಿಯಾಗಿ ಹೊಳೆಯಿತೇ ಹೊರತು ಕೆಂಪಗಾಗಲಿಲ್ಲ.

"ಬಿಡಮ್ಮ, ಅದು ಹಿತ್ತಾಳೆ. ಹಿತ್ತಾಳೆ ಆಗ್ಲೇ ಐತೆ," ಎಂದಳು ಮಗಳು ಸುಪ್ರಿಯಾ.

ಭರಮಸಾಗರದ ಶಾಲೆಯಲ್ಲಿ ಮರುದಿನ ವಿಜ್ಞಾನ ವಸ್ತುಪ್ರದರ್ಶನ. ಚಿಲ್ಲರೆ ಕಾಸಿನ ಲೋಹ ಹೇಗೆ ಬದಲಾಗುತ್ತ ಬಂತೆಂದು ತೋರಿಸಲು ಸುಪ್ರಿಯಾ ರಟ್ಟಿನ ಮೇಲೆ ನಾಣ್ಯಗಳನ್ನು ಅಂಟಿಸಿದ್ದಳು. ಹಿತ್ತಾಳೆಯದಾದ ಮೇಲೆ ಊದಿದರೆ ಹಾರುವಂಥ ಅಲ್ಯೂಮಿನಿಯಂ ಪೈಸೆ, ಕೊನೆಗೆ ಅಯಸ್ಕಾಂತಕ್ಕೆ ಟಕ್ಕನೆ ಅಂಟುವ ಸ್ಟೀಲ್ ರೂಪಾಯಿ. ಎಲ್ಲಕ್ಕೂ ಮೊದಲಿನ ತಾಮ್ರದ ಜಾಗ ಮಾತ್ರ ಖಾಲಿ. ಅಂಥ ಬೊಚ್ಚುಬಾಯಿಯ ರಟ್ಟು ಹಿಡಿದು ಎಲ್ಲರೆದುರು ನಿಲ್ಲುವುದು ಹೇಗೆಂದು ಅವಳ ಮುಖ ಬಾಡಿತ್ತು.

ಮನೆಯಲ್ಲಿ ತಾಮ್ರದ ಕಾಸು ಇಲ್ಲವೆಂದಲ್ಲ. ನಡುವೆ ತೂತಿದ್ದ ಹಳೆಯ ಕಾಸೊಂದು ಪುಟ್ಟ ತಮ್ಮ ಶರಣುವಿನ ಉಡಿದಾರದಲ್ಲಿ ತೂಗುತ್ತಿತ್ತು. ಮಗು ತಾನಾಗಿ ಹೆಜ್ಜೆ ಇಡುವವರೆಗೂ ಅದನ್ನು ಬಿಚ್ಚಬಾರದೆಂಬುದು ಅಜ್ಜಿ ಬೊಮ್ಮಕ್ಕನ ಕಟ್ಟಳೆ.

"ಒಂದೇ ದಿನ ಬಿಚ್ಚಿ ಕೊಡಜ್ಜಿ."

"ಬಿಚ್ಚಂಗಿಲ್ಲ ಕಣೆ. ಅದು ನಿನ್ನ ಸೊಂಟದಾಗಿದ್ದಾಗ ಯಾರಿಗಾದ್ರೂ ಬಿಚ್ಚಿ ಕೊಟ್ಟಿದ್ನೇನು?"

ಮಗಳನ್ನೂ ನೋಯಿಸಬಾರದು, ಅತ್ತೆಯ ಮಾತನ್ನೂ ಮುರಿಯಬಾರದು. ರೇಣುಕಾ ಕೈ ತೊಳೆದುಕೊಂಡು, ಅಯಸ್ಕಾಂತವನ್ನು ಬಾಯಿಗಿಡಲು ಹೊರಟಿದ್ದ ಶರಣುವನ್ನು ಎತ್ತಿಕೊಂಡಳು.

"ಅತ್ತೆ, ದಾರ ಬಿಚ್ಚೋದು ಬ್ಯಾಡ. ದಾರದ ಸಮೇತ ಇವನೇ ಹೋದ್ರೆ?"

ಬೊಮ್ಮಕ್ಕ ಅಗಿಯುತ್ತಿದ್ದ ಎಲೆಅಡಿಕೆಯನ್ನು ದವಡೆಗೆ ಒತ್ತರಿಸಿದಳು. "ಇವನು ಹೋದ್ರೆ ನಾನೂ ಬರ್ತೀನಿ. ಮೇಷ್ಟ್ರು ಎಳೆದುಗಿಳೆದು ನೋಡ್ಯಾರು."

ಮರುದಿನ ಖಾಲಿ ಜಾಗದಲ್ಲಿ 'ತಾಮ್ರ: ತಮ್ಮನ ಸೊಂಟ ನೋಡಿ' ಎಂಬ ಬರಹವಿತ್ತು. ಪಕ್ಕದ ಬೆಂಚಿನಲ್ಲಿ ಅಂಗಿ ಮಾತ್ರ ತೊಟ್ಟ ಶರಣು ಅಜ್ಜಿಯ ತೊಡೆಯೇರಿದ್ದ. ವಿಜ್ಞಾನದ ಮೇಷ್ಟ್ರು ಮಂಜುನಾಥ್ ಅಯಸ್ಕಾಂತ ಹಿಡಿದು ಬಗ್ಗಿದರು. ಕಾಸು ಮಿಸುಕಲಿಲ್ಲ. ಶರಣು ಅವರ ಕನ್ನಡಕ ಹಿಡಿದ.

"ತಾಮ್ರ ಅಂಟಲ್ಲ ಸರ್," ಎಂದಳು ಸುಪ್ರಿಯಾ.

"ತಾಮ್ರ ಅಂಟಲ್ಲ, ನಿನ್ನ ತಮ್ಮ ಅಂಟ್ಕಂಡಾನೆ ನೋಡಮ್ಮ," ಎಂದರು ಮೇಷ್ಟ್ರು, ಕನ್ನಡಕ ಬಿಡಿಸಿಕೊಳ್ಳುತ್ತ.

ಅಲ್ಲಿಂದ ಮುಂದೆ ಆ ಬೆಂಚಿನ ಎದುರು ಸಾಲೇ ನಿಂತಿತು. "ದೂರದಿಂದ ನೋಡ್ರಿ, ಮುಟ್ಟಬ್ಯಾಡ್ರಿ," ಎಂದು ಬೊಮ್ಮಕ್ಕ ಕಾವಲು ಕಾದಳು. ಸುಪ್ರಿಯಾ ಗಂಟಲು ಕಟ್ಟುವ ತನಕ ಲೋಹಗಳ ಕತೆ ಹೇಳಿದಳು. ಬಾಗಿಲಲ್ಲಿ ನಿಂತಿದ್ದ ರೇಣುಕಾಳ ಚೀಲದ ತುಂಬ ಶರಣುವಿಗೆಂದು ತಂದ ಒಣಬಟ್ಟೆಗಳಿದ್ದವು. ಮಧ್ಯಾಹ್ನದ ಹೊತ್ತಿಗೆ ಒದ್ದೆಯಾಗದೆ ಒಂದೂ ಉಳಿಯಲಿಲ್ಲ.